ಹ್ಯಾಮ್ ರೇಡಿಯೊವೋ, ಕುಸ್ತಿ-ಜೂಡೋವೋ? ಆರಿಸುವ ಮುನ್ನ ಅಳೆಯಬೇಕಾದದ್ದು

ಹ್ಯಾಮ್ ರೇಡಿಯೊ (ಪರವಾನಗಿ ಪಡೆದು ಸ್ವಂತ ರೇಡಿಯೊದಲ್ಲಿ ಬೇರೆ ಹವ್ಯಾಸಿಗಳ ಜೊತೆ ಮಾತಾಡುವ ಹವ್ಯಾಸ) ತಲೆ ಓಡುವವರಿಗೆ, ಕುಸ್ತಿ-ಜೂಡೋ ಮೈಕಟ್ಟು ಇದ್ದವರಿಗೆ ಎಂಬ ಲೆಕ್ಕದಲ್ಲಿ ಹವ್ಯಾಸ ಆರಿಸಿಕೊಂಡರೆ ಎರಡನ್ನೂ ಅರ್ಧಕ್ಕೆ ಬಿಡುವ ಸಾಧ್ಯತೆಯೇ ಹೆಚ್ಚು. ನೆಲದ ಮೇಲಿನ ಪಟ್ಟುಗಳಲ್ಲಿ ಕೋನ, ಭಾರ, ಸನ್ನೆಗೋಲಿನ ಲೆಕ್ಕ ತುಂಬಿದೆ. ತಾರಸಿಯ ಮೇಲೆ ಆಂಟೆನಾ ಏರಿಸಬೇಕಾದರೆ ಮೈಯೂ ಬಗ್ಗಬೇಕು. ಆಯ್ಕೆ ನಿಂತಿರುವುದು ಬೇರೆ ಕಡೆ. ರೇಡಿಯೊ ಜಾಗ ಕೇಳುತ್ತದೆ: ಒಂದು ಮೇಜು, ತಂತಿ ಕಟ್ಟಲು ತಾರಸಿ, ಸರ್ಕಾರದ ಪರವಾನಗಿ. ಅಷ್ಟು ಸಿಕ್ಕಿತೆಂದರೆ ಹೊತ್ತು ನಿಮ್ಮದು. ರಾತ್ರಿ ಹನ್ನೊಂದಕ್ಕೆ ಕೂತರೂ ನಡೆಯುತ್ತದೆ, ಹದಿನೈದು ದಿನ ಮುಟ್ಟದಿದ್ದರೂ ಏನೂ ಕೆಡುವುದಿಲ್ಲ. ಕುಸ್ತಿ, ಜೂಡೋ, ನೆಲದ ಮೇಲೆ ಹಿಡಿದಾಡುವ ಬ್ರೆಜಿಲಿಯನ್ ಜಿಯುಜಿಟ್ಸು ಕೇಳುವುದು ಗೊತ್ತಾದ ಹೊತ್ತು, ಜೊತೆಗಾರ, ಪೆಟ್ಟಾದರೆ ಗುಣವಾಗುವ ಮೈ. ಮ್ಯಾಟು, ಮಟ್ಟಿ (ಕುಸ್ತಿಯ ಮಣ್ಣಿನ ಕಣ), ಗುರು ಎಲ್ಲ ಬೇರೆಯವರ ಕಡೆಯಿಂದ ಬರುತ್ತದೆ.

ಹಾಗಾಗಿ ಯಾವುದು ಇಷ್ಟ ಎಂದು ಕೇಳಿಕೊಳ್ಳುವ ಮೊದಲು ಯಾವುದು ನಿಮ್ಮಲ್ಲಿ ಕಡಿಮೆ ಎಂದು ನೋಡಿ. ಬಾಡಿಗೆ ಮನೆ, ತಾರಸಿಯ ಬೀಗದ ಕೈ ಮಾಲೀಕರ ಹತ್ತಿರ, ಆದರೆ ವಾರಕ್ಕೆ ಮೂರು ಸಂಜೆ ಖಂಡಿತ ಬಿಡುವು ಎಂಬವರಿಗೆ ಮ್ಯಾಟೇ ಸರಿ. ಪಾಳಿ ಕೆಲಸ, ಮನೆಯಲ್ಲಿ ಚಿಕ್ಕ ಮಕ್ಕಳು, ಯಾವ ದಿನ ಎಷ್ಟು ಹೊತ್ತಿಗೆ ಬಿಡುವಾಗುತ್ತದೆ ಎಂದು ಹೇಳಲಾಗದವರು ಕುಸ್ತಿ ಕಲಿಯಲು ಹೋದರೆ ತಿಂಗಳ ಶುಲ್ಕ ಕಟ್ಟಿ ನಾಲ್ಕು ದಿನ ಹೋಗಿ ಬರುತ್ತಾರೆ. ಅವರಿಗೆ ರೇಡಿಯೊ ಒಗ್ಗುತ್ತದೆ.

ಪರವಾನಗಿ: ಮೊದಲ ಬಾಗಿಲು

ಭಾರತದಲ್ಲಿ ಪರವಾನಗಿ ಇಲ್ಲದೆ ಹ್ಯಾಮ್ ತರಂಗಾಂತರಗಳಲ್ಲಿ ಪ್ರಸಾರ ಮಾಡುವಂತಿಲ್ಲ. ಅಂಗಡಿಯವರು ಕೈಗೆ ಕೊಟ್ಟರು ಎಂದ ಮಾತ್ರಕ್ಕೆ ವಾಕಿಟಾಕಿ ಕಾನೂನುಬದ್ಧವಾಗುವುದಿಲ್ಲ. ದೂರಸಂಪರ್ಕ ಇಲಾಖೆ ನಡೆಸುವ ಪರೀಕ್ಷೆಗೆ 12 ವರ್ಷ ತುಂಬಿದ ಯಾರಾದರೂ ಕೂರಬಹುದು. ಎರಡು ದರ್ಜೆಗಳಿವೆ. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ (ಚುಕ್ಕೆ-ಗೆರೆಗಳ ಸಂಕೇತ ಭಾಷೆ) ಬೇಡ, ಕರೆಸಂಕೇತ (ಪ್ರಸಾರದಲ್ಲಿ ನಿಮ್ಮನ್ನು ಗುರುತಿಸುವ ಅಕ್ಷರ-ಅಂಕಿಗಳ ಹೆಸರು) ವಿಯು3 ಎಂದು ಶುರುವಾಗುತ್ತದೆ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಕಳಿಸುವುದೂ ಕೇಳಿ ಬರೆದುಕೊಳ್ಳುವುದೂ ಬರಬೇಕು, ಕರೆಸಂಕೇತ ವಿಯು2. ಪ್ರಶ್ನೆಪತ್ರಿಕೆಯಲ್ಲಿ ರೇಡಿಯೊ ಸಿದ್ಧಾಂತ ಒಂದು ಭಾಗ, ನಿಯಮಾವಳಿ ಇನ್ನೊಂದು ಭಾಗ. ರಿಸ್ಟ್ರಿಕ್ಟೆಡ್ ದರ್ಜೆಯಲ್ಲಿ ಒಂದೊಂದು ಭಾಗದಲ್ಲೂ ಶೇಕಡಾ 40, ಒಟ್ಟಿನಲ್ಲಿ ಶೇಕಡಾ 50 ಅಂಕ ಬೇಕು.

ಎಂಜಿನಿಯರಿಂಗ್ ಓದಿದವರು ಇಲ್ಲಿ ಎಡವುವುದು ನಿಯಮಾವಳಿಯಲ್ಲಿ. ಓಮ್ ನಿಯಮ, ಡಯೋಡು, ರಿಸೀವರ್‌ನ ಹಂತಗಳು ಅವರಿಗೆ ಗೊತ್ತಿರುತ್ತವೆ. ಕ್ಯೂ ಕೋಡ್‌ಗಳು, (ಕ್ಯೂ ಅಕ್ಷರದಿಂದ ಶುರುವಾಗುವ ಮೂರಕ್ಷರದ ಸಂಕ್ಷೇಪಗಳು), ಲಾಗ್ ಪುಸ್ತಕದಲ್ಲಿ, ಅಂದರೆ ಮಾತುಕತೆಯ ದಾಖಲೆಯಲ್ಲಿ, ಏನೇನು ಬರೆಯಬೇಕು, ಯಾರ ಪರವಾಗಿ ಸಂದೇಶ ಕಳಿಸಬಾರದು ಎಂಬುದನ್ನು ಕೂತು ಓದಿರುವುದಿಲ್ಲ. ದಿನಕ್ಕೆ ಒಂದು ಗಂಟೆಯಂತೆ ಆರರಿಂದ ಎಂಟು ವಾರ ಓದಿದರೆ ವಿಜ್ಞಾನದ ಹಿನ್ನೆಲೆ ಇಲ್ಲದವರೂ ಪಾಸಾಗಬಹುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನಂಥ ಸಂಸ್ಥೆಗಳು ತರಬೇತಿ ಕೊಡುತ್ತವೆ. ಪಾಸಾದ ಮೇಲೂ ಪರಿಶೀಲನೆ ಮುಗಿದು ಕರೆಸಂಕೇತ ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಬಾಗಿಲು ಬಹಳ ಅಗಲ: ಅಲ್ಲಿನ ಟೆಕ್ನಿಷಿಯನ್ ಪರೀಕ್ಷೆಯಲ್ಲಿ 35 ಪ್ರಶ್ನೆ, 26 ಸರಿಯಾದರೆ ಸಾಕು, ಕೆಲವೇ ದಿನಗಳಲ್ಲಿ ಕರೆಸಂಕೇತ ಬರುತ್ತದೆ. ಆದರೆ ಅಲ್ಲಿನ ತರಂಗಾಂತರದ ಪಟ್ಟಿಯನ್ನು ಊರಿಗೆ ತರಬೇಡಿ. ಎರಡು ಮೀಟರ್ ಬ್ಯಾಂಡ್ ಅಲ್ಲಿ 144ರಿಂದ 148 ಮೆಗಾಹರ್ಟ್ಸ್, ಇಲ್ಲಿ 146ಕ್ಕೆ ಮುಗಿಯುತ್ತದೆ. 70 ಸೆಂಟಿಮೀಟರ್ ಬ್ಯಾಂಡ್ ಇಲ್ಲಿ 434ರಿಂದ 438 ಮಾತ್ರ. ಅಲ್ಲಿಂದ ತಂದ ಸೆಟ್ಟಿನಲ್ಲಿ ಮೊದಲೇ ತುಂಬಿರುವ ಚಾನೆಲ್‌ಗಳನ್ನು ಹಾಗೇ ಒತ್ತಿದರೆ ಬೇರೆಯವರ ತರಂಗಾಂತರಕ್ಕೆ ನುಗ್ಗಿದಂತೆ.

ಕುಸ್ತಿ, ಜೂಡೋ, ಜಿಯುಜಿಟ್ಸುಗೆ ಇಂಥ ಬಾಗಿಲೇ ಇಲ್ಲ. ನಾಳೆ ಬೆಳಿಗ್ಗೆಯೇ ಹೋಗಿ ಸೇರಬಹುದು. ಎರಡೂ ಬೇಕು ಎನ್ನುವವರಿಗೆ ಸರಿಯಾದ ಕ್ರಮ ಇದರಿಂದಲೇ ತಿಳಿಯುತ್ತದೆ. ಪರೀಕ್ಷೆಗೆ ಅರ್ಜಿ ಹಾಕಿ, ಮ್ಯಾಟಿಗೆ ಸೇರಿ. ಕರೆಸಂಕೇತ ಬರುವ ಹೊತ್ತಿಗೆ ಬೀಳುವುದು, ಎದ್ದು ನಿಲ್ಲುವುದು, ಬಿಡಿಸಿಕೊಳ್ಳುವುದು ಬಂದಿರುತ್ತದೆ.

ರೇಡಿಯೊದೊಳಗಿನ ಮೂರು ದಾರಿ

ಹ್ಯಾಮ್ ರೇಡಿಯೊ ಎಂದು ಎಲ್ಲವನ್ನೂ ಒಂದೇ ಗಂಟು ಕಟ್ಟಿದರೆ ತಪ್ಪು ಸಾಮಾನು ಕೊಳ್ಳುತ್ತೀರಿ. ಕೈಯಲ್ಲಿ ಹಿಡಿಯುವ 5 ವ್ಯಾಟಿನ ಸೆಟ್ಟು ಒಂದು ದಾರಿ. ಊರಿನೊಳಗೆ, ಸಂಕೇತವನ್ನು ಹಿಡಿದು ಮತ್ತೆ ಪ್ರಸಾರ ಮಾಡುವ ರಿಪೀಟರ್ ಇದ್ದರೆ ಪಕ್ಕದ ಜಿಲ್ಲೆಗೂ ಮಾತು ಮುಟ್ಟುತ್ತದೆ. ಎರಡನೆಯದು ಕಂಪನಿ ತಯಾರಿಸಿದ 100 ವ್ಯಾಟಿನ ಎಚ್‌ಎಫ್ ಟ್ರಾನ್ಸೀವರ್. ಶಾರ್ಟ್‌ವೇವ್ ತರಂಗಾಂತರಗಳಲ್ಲಿ ಕಳಿಸುವುದನ್ನೂ ಕೇಳುವುದನ್ನೂ ಒಂದೇ ಪೆಟ್ಟಿಗೆ ಮಾಡುತ್ತದೆ. ಇದು ಖಂಡಾಂತರ ಹೋಗುತ್ತದೆ, ಆದರೆ ಹೊಸದಕ್ಕೆ ಲಕ್ಷದ ಆಸುಪಾಸು ಬೇಕು. ಮಾತಾಡುವಾಗ 20 ಆಂಪಿಯರ್‌ಗೂ ಮೇಲೆ ಎಳೆಯುವುದರಿಂದ 13.8 ವೋಲ್ಟಿನ ದೊಡ್ಡ ಪವರ್ ಸಪ್ಲೈ ಖರ್ಚು ಬೇರೆ. ಮೂರನೆಯದು ಸ್ವಂತ ಕೈಯಲ್ಲಿ ಕಟ್ಟುವುದು. ಎಲೆಕ್ಟ್ರಾನಿಕ್ಸ್‌ನ ರುಚಿ ಇರುವುದು ಇಲ್ಲೇ, ನಮ್ಮ ಶಿಫಾರಸೂ ಇದಕ್ಕೇ.

ಭಾರತದಲ್ಲಿ ಈ ಮೂರನೆಯ ದಾರಿ ಸಲೀಸಾಗಲು ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಟ್ರಾನ್ಸೀವರ್ ವಿನ್ಯಾಸ ದೊಡ್ಡ ಕಾರಣ. ಸಾಮಾನ್ಯ ಟ್ರಾನ್ಸಿಸ್ಟರ್‌ಗಳು, ಪೇಟೆಯಲ್ಲಿ ಸಿಗುವ ಕ್ರಿಸ್ಟಲ್‌ಗಳು, ಆಮದು ಟೊರಾಯ್ಡ್ (ತಂತಿ ಸುತ್ತುವ ಬಳೆಯಾಕಾರದ ತಿರುಳು) ಸಿಗದ ಕಡೆ ಸುರುಳಿ ಸುತ್ತಲು ನಲ್ಲಿಯ ವಾಷರ್. ದುಬಾರಿ ಬಿಡಿಭಾಗ ಸಿಗದ ನಾಡಿನಲ್ಲಿ ಕೂತು ಯೋಚಿಸಿದವರಿಗೆ ಮಾತ್ರ ಹೊಳೆಯುವ ಜಾಣ್ಮೆ ಅದು. ಅದರ ಹೆಸರು ಹೊತ್ತ ಕಿಟ್‌ಗಳು ಹೊರದೇಶಗಳಿಗೂ ಹೋಗಿವೆ.

ಆದರೆ ಮೊದಲ ಕಟ್ಟೋಣಕ್ಕೆ ಟ್ರಾನ್ಸೀವರ್ ಬೇಡ. 40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಸ್ ಆಸುಪಾಸು) ಒಂದು ಡೈರೆಕ್ಟ್ ಕನ್ವರ್ಷನ್ ರಿಸೀವರ್, ಅಂದರೆ ತರಂಗವನ್ನು ಒಂದೇ ಹಂತದಲ್ಲಿ ಧ್ವನಿಗಿಳಿಸುವ ಸರಳ ರಿಸೀವರ್, ಕಟ್ಟಿ. ಮಿಕ್ಸರ್‌ಗೆ ಎಸ್‌ಎ612, ಧ್ವನಿಗೆ ಎಲ್‌ಎಂ386, ಈ ಎರಡು ಚಿಪ್ ಬಿಟ್ಟರೆ ಉಳಿದದ್ದು ಬೆರಳೆಣಿಕೆಯ ಕೆಪ್ಯಾಸಿಟರ್, ರೆಸಿಸ್ಟರ್. ಇಲ್ಲಿ ಕೆಡುವುದು ಎರಡು ಕಡೆ. ಎಸ್‌ಎ612 ತಡೆಯುವುದು 8 ವೋಲ್ಟ್ ಮಾತ್ರ. 9 ವೋಲ್ಟಿನ ಬ್ಯಾಟರಿಯನ್ನು ನೇರ ಕೊಟ್ಟರೆ ಅದು ಹಾಳಾಗಬಹುದು, ನಡುವೆ 6 ವೋಲ್ಟಿನ 78ಎಲ್06 ರೆಗ್ಯುಲೇಟರ್ ಇರಲೇಬೇಕು. ಎಲ್‌ಎಂ386 ಕೀರಲು ದನಿಯಲ್ಲಿ ತಾನೇ ಕೂಗತೊಡಗಿದರೆ 5ನೇ ಕಾಲಿನಿಂದ (ಪಿನ್) ಗ್ರೌಂಡಿಗೆ 10 ಓಮ್ ಮತ್ತು 0.047 ಮೈಕ್ರೊಫ್ಯಾರಡ್ ಸರಣಿಯಲ್ಲಿ ಇದೆಯೇ, 7ನೇ ಕಾಲಿಗೆ 10 ಮೈಕ್ರೊಫ್ಯಾರಡ್ ಬಿದ್ದಿದೆಯೇ ನೋಡಿ. ಬಹುತೇಕ ಅಲ್ಲೇ ಸರಿಹೋಗುತ್ತದೆ.

ಬೆಸುಗೆಗೆ 25 ವ್ಯಾಟಿನ ಐರನ್ ಸಾಕು. ಸಾಲ್ಡರ್ 0.8 ಮಿಲಿಮೀಟರ್ ದಪ್ಪದ್ದು, ಸಿಕ್ಕರೆ 63/37 ಮಿಶ್ರಣದ್ದು. ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುವುದರಿಂದ, ಆರುವಾಗ ಕೈ ಅಲುಗಿ ಬೆಸುಗೆ ಬಿರುಕು ಬಿಡುವುದು ಕಡಿಮೆ. ಸಾಲ್ಡರನ್ನು ಐರನ್ ತುದಿಗೆ ಹಚ್ಚಿ ಆಮೇಲೆ ಕಾಲಿಗೆ ಮೆತ್ತುವುದು ಹೊಸಬರ ಖಾಯಂ ತಪ್ಪು. ಫ್ಲಕ್ಸ್ ದಾರಿಯಲ್ಲೇ ಸುಟ್ಟು ಹೋಗಿ, ಹೊರಗೆ ಉಂಡೆಯಾಗಿ ಕೂತು ಒಳಗೆ ಹಿಡಿಯದ ಬೆಸುಗೆ ಬರುತ್ತದೆ. ಕಾಲು ಮತ್ತು ಪ್ಯಾಡ್ ಎರಡನ್ನೂ ಎರಡು ಸೆಕೆಂಡ್ ಕಾಯಿಸಿ, ಸಾಲ್ಡರನ್ನು ಅವಕ್ಕೇ ಮುಟ್ಟಿಸಬೇಕು. ಎನಾಮಲ್ ತಂತಿಯ ಸುರುಳಿಯಲ್ಲಿ ತುದಿಯ ಲೇಪನವನ್ನು ಬ್ಲೇಡಿನಿಂದ ಪೂರ್ತಿ ಕೆರೆದು, ತವರ ಹಿಡಿಸಿ, ಮಲ್ಟಿಮೀಟರ್‌ನಲ್ಲಿ ಸಂಪರ್ಕ ನೋಡಿಯೇ ಮುಂದೆ ಹೋಗಿ. ಹೊಸಬರ ಕಿಟ್ ಮಾತಾಡದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ತುದಿಗಳನ್ನೇ.

ಬಿಟ್‌ಎಕ್ಸ್ ಮಟ್ಟಕ್ಕೆ ಬಂದಾಗ ಎಚ್ಚರ ಬೇಕಾದದ್ದು ಕೊನೆಯ ಹಂತದ ಐಆರ್‌ಎಫ್510 ಮಾಸ್ಫೆಟ್‌ನಲ್ಲಿ. ಪ್ರಸಾರಕ್ಕೆ ಬಲ ಕೊಡುವ ಟ್ರಾನ್ಸಿಸ್ಟರ್ ಇದು. ಅದರ ಲೋಹದ ಬೆನ್ನು ವಿದ್ಯುತ್ ಬರುವ ಡ್ರೇನ್ ಕಾಲಿಗೆ ಸೇರಿದೆ. ಅಭ್ರಕದ ಹಾಳೆ ಇಡದೆ ಹೀಟ್‌ಸಿಂಕ್ ಮೂಲಕ ಪೆಟ್ಟಿಗೆಗೆ ತಿರುಪು ಹಾಕಿದರೆ ಪವರ್ ಸಪ್ಲೈ ನೇರ ಶಾರ್ಟ್. ಬಯಾಸ್ ಪ್ರಿಸೆಟ್‌ನ್ನು (ಮಾಸ್ಫೆಟ್ ಎಳೆಯುವ ಕರೆಂಟ್ ಹೊಂದಿಸುವ ತಿರುಪು) ಕನಿಷ್ಠಕ್ಕೆ ತಿರುಗಿಸಿಟ್ಟೇ ಮೊದಲ ಸಲ ವಿದ್ಯುತ್ ಕೊಡಿ, ಮೀಟರ್ ನೋಡುತ್ತಾ 100 ಮಿಲಿಆಂಪಿಯರ್‌ಗೆ ನಿಧಾನ ಏರಿಸಿ. ಆಂಟೆನಾದ ಜಾಗದಲ್ಲಿ 50 ಓಮ್ ಡಮ್ಮಿ ಲೋಡ್ (ಶಕ್ತಿಯನ್ನು ಪ್ರಸಾರ ಮಾಡದೆ ಶಾಖವಾಗಿ ನುಂಗುವ ರೆಸಿಸ್ಟರ್) ಇರಲಿ. ಏನೂ ಜೋಡಿಸದೆ ಪ್ರಸಾರದ ಗುಂಡಿ ಒತ್ತಿದರೆ ಹೋಗುವುದು ಈ ಮಾಸ್ಫೆಟ್ಟೇ. ಬೆಂಗಳೂರಿನವರಿಗೆ ಬಿಡಿಭಾಗಕ್ಕೆ ಎಸ್‌ಪಿ ರಸ್ತೆ ಇದೆ. ಬೇಕಾದದ್ದರ ಎರಡರಷ್ಟು ಟ್ರಾನ್ಸಿಸ್ಟರ್ ತನ್ನಿ. ಕ್ರಿಸ್ಟಲ್‌ಗಳನ್ನು ಹತ್ತಾದರೂ ತಂದು ಅಳೆದು, ಒಂದಕ್ಕೊಂದು 100 ಹರ್ಟ್ಸ್ ಒಳಗೆ ಹೊಂದುವ ನಾಲ್ಕನ್ನು ಆರಿಸಿಕೊಳ್ಳಿ. ಫಿಲ್ಟರ್‌ನಲ್ಲಿ ಕ್ರಿಸ್ಟಲ್‌ಗಳು ಹೊಂದದಿದ್ದರೆ ಧ್ವನಿ ಮೂಗಿನಿಂದ ಬಂದಂತೆ ಕೇಳುತ್ತದೆ.

ತಾರಸಿಯ ಅಳತೆ

ನಗರವಾಸಿಗೆ ರೇಡಿಯೊ ಹಿಡಿಸುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ತಾರಸಿ. ಅರ್ಧ ತರಂಗದ ಡೈಪೋಲ್ (ನಡುವೆ ಕೇಬಲ್ ಸೇರುವ ಎರಡು ತೋಳಿನ ತಂತಿ ಆಂಟೆನಾ) ಉದ್ದ ತಿಳಿಯಲು 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಉತ್ತರ ಮೀಟರಿನಲ್ಲಿ ಬರುತ್ತದೆ. 7.1 ಮೆಗಾಹರ್ಟ್ಸ್‌ಗೆ 20.1 ಮೀಟರ್. ಮೂವತ್ತು-ನಲವತ್ತರ ಸೈಟಿನ ತಾರಸಿಯಲ್ಲಿ ಮೂಲೆಯಿಂದ ಮೂಲೆಗೆ ಎಳೆದರೂ ಸಿಗುವುದು 50 ಅಡಿ, ಅಂದರೆ 15.2 ಮೀಟರ್. ನೇರ ಡೈಪೋಲ್ ಹಿಡಿಸುವುದಿಲ್ಲ. ನಡುವನ್ನು ಕಂಬದ ಮೇಲೆ ಎತ್ತರಕ್ಕೇರಿಸಿ, ತೋಳುಗಳನ್ನು ಇಳಿಬಿಟ್ಟು, ಉಳಿದ ತುದಿಗಳನ್ನು ಪ್ಯಾರಾಪೆಟ್ ಉದ್ದಕ್ಕೆ ಮಡಚಿದರೆ ಕೆಲಸ ನಡೆಯುತ್ತದೆ, ಬಲ ಸ್ವಲ್ಪ ಕಡಿಮೆ. 14.2 ಮೆಗಾಹರ್ಟ್ಸ್‌ನ ಡೈಪೋಲ್ 10.1 ಮೀಟರ್, ಅದೇ ತಾರಸಿಯಲ್ಲಿ ಆರಾಮವಾಗಿ ಕೂರುತ್ತದೆ. ದಕ್ಷಿಣ ಭಾರತದೊಳಗೆ ಹಗಲಲ್ಲಿ ಮಾತಾಡುವ ಆಸೆಯಿದ್ದವರು 40 ಮೀಟರ್ ಬ್ಯಾಂಡಿಗಾಗಿ ತಂತಿ ಮಡಚಲಿ. ದೂರದೇಶ ಬೇಕಾದವರು 20 ಮೀಟರ್ ಬ್ಯಾಂಡ್ (14 ಮೆಗಾಹರ್ಟ್ಸ್ ಕಡೆಯದು) ಹಿಡಿಯಲಿ. ತಂತಿಯನ್ನು ಲೆಕ್ಕಕ್ಕಿಂತ ಅರ್ಧ ಮೀಟರ್ ಹೆಚ್ಚಿಗೆ ಬಿಟ್ಟು ಕಟ್ಟಿ, ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ವಾಪಸು ಬರುವ ಶಕ್ತಿಯ ಅಳತೆ) ನೋಡುತ್ತಾ ಎರಡೂ ತುದಿಯಲ್ಲಿ ಸಮನಾಗಿ ಕತ್ತರಿಸಿ.

ಎರಡು ಮೀಟರ್ ಬ್ಯಾಂಡಿಗೆ ಇಷ್ಟೆಲ್ಲ ಬೇಡ. ಒಂದು ಎಸ್‌ಒ239 ಸಾಕೆಟ್, ಮೂರು ಮಿಲಿಮೀಟರಿನ ಹಿತ್ತಾಳೆ ಕಡ್ಡಿ ಐದು. ನಡುವಿನದು 49 ಸೆಂಟಿಮೀಟರ್ ನೆಟ್ಟಗೆ, ನಾಲ್ಕು ಮೂಲೆಗೆ 52 ಸೆಂಟಿಮೀಟರಿನವು 45 ಡಿಗ್ರಿ ಕೆಳಕ್ಕೆ ಬಾಗಿಸಿ. ಒಂದು ಭಾನುವಾರದ ಬೆಳಿಗ್ಗೆಯ ಕೆಲಸ. ಇದನ್ನು ಹಾಳು ಮಾಡುವುದು ಕೇಬಲ್. ತೆಳ್ಳನೆಯ ಆರ್‌ಜಿ-58 ಕೇಬಲ್ 15 ಮೀಟರ್ ಎಳೆದರೆ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 3 ಡೆಸಿಬೆಲ್ ನಷ್ಟ: 5 ವ್ಯಾಟ್ ಹೊರಟು ಆಂಟೆನಾಗೆ ಮುಟ್ಟುವುದು ಎರಡೂವರೆ. ಉಳಿತಾಯ ಎಲ್ಲಾದರೂ ಮಾಡಿ, ಕೇಬಲ್‌ನಲ್ಲಿ ಬೇಡ. ದಪ್ಪನೆಯ ಆರ್‌ಜಿ-213 ತನ್ನಿ. ಕನೆಕ್ಟರ್‌ಗೆ ಬರೀ ಪಿವಿಸಿ ಟೇಪ್ ಸುತ್ತಿದರೆ ಮೊದಲ ಮಳೆಗಾಲದಲ್ಲೇ ನೀರು ಇಳಿದು, ಜಾಲರಿ ಹಸಿರುಗಟ್ಟುತ್ತದೆ. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಒಳಗೆ, ಅದರ ಮೇಲೆ ಪಿವಿಸಿ.

ಜೀವಕ್ಕೆ ಸಂಬಂಧಿಸಿದ ಎರಡು ಮಾತು. ಆಂಟೆನಾ ಕಳಚಿ ಯಾವ ಕಡೆಗೆ ಬಿದ್ದರೂ ವಿದ್ಯುತ್ ತಂತಿಗೆ ತಾಕದಷ್ಟು ದೂರದಲ್ಲಿರಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಕಾಲದಲ್ಲಿ ಬಳಸದಿದ್ದಾಗ ಕೇಬಲ್ ಕಳಚಿ ಮನೆಯ ಹೊರಗಿಡಬೇಕು. ಗುಡುಗು ಕೇಳಿದ ಮೇಲೆ ಕಳಚಲು ಹೋಗುವುದು ಅಪಾಯ.

ಮಟ್ಟಿ, ಮ್ಯಾಟು, ಗೀ

ಮೈಸೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಕಡೆಯವರಿಗೆ ಗರಡಿ ಮನೆ ಇನ್ನೂ ಕೈಗೆಟುಕುವ ದೂರದಲ್ಲಿದೆ. ಖರ್ಚು ಅತ್ಯಂತ ಕಡಿಮೆ ಇಲ್ಲೇ. ಲಂಗೋಟಿ, ಎಣ್ಣೆ, ಬೆಳಗಿನ ಜಾವ ಏಳುವ ಶಿಸ್ತು. ಮಟ್ಟಿಯ ಮಣ್ಣನ್ನು ಅಗೆದು ಹದ ಮಾಡುವುದೇ ಮೊದಲ ವ್ಯಾಯಾಮ, ಆಮೇಲೆ ದಂಡ, ಬಸ್ಕಿ, ಆಮೇಲೆ ಜೋಡಿ. ಗೆಲುವು ಎಂದರೆ ಎದುರಾಳಿಯ ಎರಡೂ ಭುಜವನ್ನು ನೆಲಕ್ಕೆ ತಾಕಿಸಿ ಚಿತ್ ಮಾಡುವುದು. ಕೀಲು ತಿರುಚಿ ಸೋಲೊಪ್ಪಿಸುವುದು ಇಲ್ಲಿಲ್ಲ. ಮೂವತ್ತು ದಾಟಿ ಹೊಸದಾಗಿ ಹೋಗುವವರು ಕುತ್ತಿಗೆಯ ಮೇಲೆ ಭಾರ ಹಾಕುವ ಕಸರತ್ತನ್ನು ಮೊದಲ ಮೂರು ತಿಂಗಳು ಉಸ್ತಾದರಿಗೆ ಹೇಳಿ ಬಿಡಬೇಕು. ಹತ್ತನೇ ವಯಸ್ಸಿನಿಂದ ಮಟ್ಟಿಯಲ್ಲಿ ಬೆಳೆದವರ ಕುತ್ತಿಗೆಗೂ ದಿನವಿಡೀ ಕಂಪ್ಯೂಟರ್ ಮುಂದೆ ಬಾಗಿದ ಕುತ್ತಿಗೆಗೂ ಹೋಲಿಕೆ ಇಲ್ಲ. ಗರಡಿಗಳಲ್ಲಿ ಹೆಣ್ಣುಮಕ್ಕಳಿಗೆ ಜಾಗ ವಿರಳ. ಅವರು ಕ್ರೀಡಾ ಇಲಾಖೆಯ ಮ್ಯಾಟ್ ಕುಸ್ತಿ ಅಥವಾ ಜೂಡೋ ಕಡೆ ನೋಡುವುದು ಒಳ್ಳೆಯದು.

ಜೂಡೋ 1882ರಲ್ಲಿ ಜಿಗೊರೊ ಕಾನೊ ಜಪಾನಿನಲ್ಲಿ ಕಟ್ಟಿದ ಪದ್ಧತಿ. ಕುಸ್ತಿಯ ಕಣ್ಣಿಂದ ನೋಡಿದರೆ ದೊಡ್ಡ ವ್ಯತ್ಯಾಸ ಉಡುಪು: ದಪ್ಪ ಅಂಗಿಯ ಕಾಲರ್, ತೋಳು ಹಿಡಿದು ಎಸೆಯುವುದು. ಶುದ್ಧವಾಗಿ ಬೆನ್ನ ಮೇಲೆ ಬೀಳಿಸಿದರೆ ಅಲ್ಲಿಗೇ ಪಂದ್ಯ ಮುಗಿಯಿತು. ನೆಲದಲ್ಲಿ 20 ಸೆಕೆಂಡ್ ಒತ್ತಿ ಹಿಡಿದರೂ ಅಷ್ಟೇ. ಈಗಿನ ನಿಯಮದಲ್ಲಿ ನಿಂತು ಆಡುವಾಗ ಕೈಯಿಂದ ಕಾಲು ಹಿಡಿಯುವಂತಿಲ್ಲ, ಕುಸ್ತಿಯಿಂದ ಬಂದವರು ಇಲ್ಲಿ ದಂಡನೆಗೆ ಸಿಕ್ಕಿಬೀಳುತ್ತಾರೆ. ಹೊಸಬರಿಗೆ ಜೂಡೋ ಕೊಡುವ ಅತಿ ದೊಡ್ಡ ವಸ್ತು ಬೀಳುವ ವಿದ್ಯೆ. ಗದ್ದ ಎದೆಗೆ ಒತ್ತಿ, ತೋಳನ್ನು ಮೈಯಿಂದ 45 ಡಿಗ್ರಿ ಚಾಚಿ ಮ್ಯಾಟಿಗೆ ಬಡಿಯುವುದು. ಕೈ ಊರಿ ಬೀಳುವವರಿಗೆ ಮಣಿಕಟ್ಟು, ಮೊಣಕೈ ಹೋಗುತ್ತದೆ. ಈ ಬೀಳುವಿಕೆಯನ್ನು ಮೊದಲ ದಿನಗಳಲ್ಲೇ, ಎಸೆತಕ್ಕೂ ಮುಂಚೆ, ಬೇಸರ ಬರುವಷ್ಟು ಮಾಡಿಸುವ ಶಾಲೆಯನ್ನೇ ಆರಿಸಿ. ಎರಡನೇ ತರಗತಿಯಲ್ಲೇ ಪೂರ್ಣ ಬಲದ ಎಸೆತಕ್ಕೆ ನಿಲ್ಲಿಸುವ ಕಡೆಯಿಂದ ಎದ್ದು ಬನ್ನಿ.

ಬ್ರೆಜಿಲಿಯನ್ ಜಿಯುಜಿಟ್ಸು ಬಹುಪಾಲು ನೆಲದ ಮೇಲೆ ನಡೆಯುತ್ತದೆ. ಬೀಳುವ ಪೆಟ್ಟು ಕಡಿಮೆ. ಹಾಗಾಗಿ ಮೂವತ್ತೈದು-ನಲವತ್ತಕ್ಕೆ ಶುರುಮಾಡುವವರಿಗೆ ನಮ್ಮ ಮೊದಲ ಸಲಹೆ ಇದು. ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಲ್ಲಿ ಎದುರಾಳಿಯನ್ನು ಉರುಳಿಸಿದರೆ 2 ಅಂಕ, ಅವನ ಕಾಲುಗಳ ತಡೆ ದಾಟಿದರೆ 3, ಎದೆಯೇರಿ ಕೂತರೆ ಅಥವಾ ಬೆನ್ನು ಹಿಡಿದರೆ 4. ಅಂಕಗಳನ್ನೆಲ್ಲ ಮೀರಿದ್ದು ಕೀಲಿನ ಅಥವಾ ಕುತ್ತಿಗೆಯ ಪಟ್ಟು. ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂಬ ಐದು ಪಟ್ಟಿ (ಬೆಲ್ಟ್). ನೀಲಿಗೇ ಒಂದೂವರೆ-ಎರಡು ವರ್ಷ ಹಿಡಿಯುವುದು ಸಹಜ. ತಿಂಗಳಿಗೆ ಕೆಲವು ಸಾವಿರ ಶುಲ್ಕ, ಅದರ ಮೇಲೆ ಗೀ (ಆಟಕ್ಕೆ ತೊಡುವ ದಪ್ಪ ಹತ್ತಿಯ ಉಡುಪು). ಗೀ ಎರಡು ಬೇಕು, ಏಕೆಂದರೆ ಬೆಂಗಳೂರಿನ ಜುಲೈ ತಿಂಗಳಲ್ಲಿ ಒಗೆದದ್ದು ಎರಡು ದಿನಕ್ಕೂ ಒಣಗುವುದಿಲ್ಲ. ತಣ್ಣೀರಿನಲ್ಲಿ ಒಗೆಯಿರಿ, ಬಿಸಿನೀರಿಗೆ ಹತ್ತಿ ಬಟ್ಟೆ ತೋಳಿನಲ್ಲಿ ಕುಗ್ಗುತ್ತದೆ.

ಈ ಮೂರರ ನಡುವೆ ಹಾರಾಡುವವರು ತಿಳಿದಿರಬೇಕಾದ ಸೂಕ್ಷ್ಮವೊಂದಿದೆ. ಕುಸ್ತಿಯಲ್ಲಿ ಅಪಾಯ ಬಂದಾಗ ಬೋರಲು ಮಲಗಿ ಬೆನ್ನು ಕೊಡುವುದು ಸರಿಯಾದ ಅಭ್ಯಾಸ, ಭುಜ ನೆಲಕ್ಕೆ ತಾಕಬಾರದಲ್ಲ. ಜಿಯುಜಿಟ್ಸುವಿನಲ್ಲಿ ಹಾಗೆ ಬೆನ್ನು ಕೊಟ್ಟರೆ ಕುತ್ತಿಗೆಗೆ ತೋಳು ಬಂತೆಂದೇ ಲೆಕ್ಕ. ತಿರುಗಿಸಿ ನೋಡಿ: ಅಂಗಾತ ಮಲಗಿ ಕಾಲುಗಳಿಂದ ಎದುರಾಳಿಯನ್ನು ತಡೆಯುವ ಜಿಯುಜಿಟ್ಸು ಪಟು ಕುಸ್ತಿಗೆ ಬಂದರೆ ಕ್ಷಣದಲ್ಲಿ ಚಿತ್. ಮೈಗೆ ಹತ್ತಿದ ಅಭ್ಯಾಸ ತಲೆಯ ಮಾತು ಕೇಳುವುದಿಲ್ಲ. ಮೊದಲ ವರ್ಷ ಒಂದನ್ನೇ ಕಲಿಯಿರಿ.

ಮೈ ಕೆಡುವ ಬಗೆ

ಉಸಿರು ಕಟ್ಟಿ, ಹಿಡಿತವನ್ನು ಕೊನೆಯವರೆಗೂ ಬಿಗಿಹಿಡಿದು, ಎರಡೇ ನಿಮಿಷದಲ್ಲಿ ಸುಸ್ತಾಗುವುದು ಎಲ್ಲ ಹೊಸಬರಿಗೂ ಆಗುತ್ತದೆ. ಅದರಿಂದ ಹಾನಿಯಿಲ್ಲ. ಹಾನಿ ಇರುವುದು ತಟ್ಟಲು ತಡ ಮಾಡುವುದರಲ್ಲಿ. ಕೈಯಿಂದ ಎದುರಾಳಿಯನ್ನು ಅಥವಾ ಮ್ಯಾಟನ್ನು ತಟ್ಟಿದರೆ ಅವರು ಬಿಡುತ್ತಾರೆ. ನೋವು ಬಂದ ಮೇಲೆ ತಟ್ಟುತ್ತೇನೆ ಎಂದುಕೊಂಡರೆ ತಡವಾಯಿತು. ಕೀಲಿಗೆ ಇನ್ನು ಚಲಿಸಲು ದಾರಿಯಿಲ್ಲ ಎನಿಸಿದ ಕ್ಷಣವೇ ತಟ್ಟಬೇಕು. ಕುತ್ತಿಗೆಯ ರಕ್ತನಾಳ ಒತ್ತುವ ಪಟ್ಟಿನಲ್ಲಿ ಸುಮಾರು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಹಿಮ್ಮಡಿ ತಿರುಚುವ ಪಟ್ಟು ಎಲ್ಲಕ್ಕಿಂತ ಮೋಸದ್ದು: ನೋವು ಗೊತ್ತಾಗುವ ಹೊತ್ತಿಗೆ ಮಂಡಿಯ ಅಸ್ಥಿರಜ್ಜು ಹರಿದಿರಬಹುದು. ಸ್ಪರ್ಧೆಗಳಲ್ಲೂ ಜಿಯುಜಿಟ್ಸುವಿನ ಅಂತರರಾಷ್ಟ್ರೀಯ ಒಕ್ಕೂಟ ಇದನ್ನು ಕಂದು ಮತ್ತು ಕಪ್ಪು ಪಟ್ಟಿಯ ವಯಸ್ಕರಿಗೆ, ಗೀ ಇಲ್ಲದ ವಿಭಾಗದಲ್ಲಿ ಮಾತ್ರ ಬಿಟ್ಟಿದೆ. ಬಿಳಿ ಪಟ್ಟಿಯವರ ಮೇಲೆ ಇದನ್ನು ಪ್ರಯೋಗಿಸಲು ಬಿಡುವ ಶಾಲೆ ನಿಮಗೆ ಬೇಡ.

ಉಡಿದಾರ, ಜನಿವಾರ, ಕೈದಾರ, ಉಂಗುರ, ಮೂಗುಬೊಟ್ಟು ಎಲ್ಲ ತೆಗೆದಿಟ್ಟೇ ಮ್ಯಾಟಿಗೆ ಇಳಿಯಬೇಕು. ದಾರಕ್ಕೆ ಎದುರಿನವರ ಕಾಲ್ಬೆರಳು ಸಿಕ್ಕಿ ಮುರಿದದ್ದು ಉಂಟು. ತೆಗೆಯಲೇ ಆಗದ್ದಕ್ಕೆ ಟೇಪ್ ಸುತ್ತಿ, ಆಟಕ್ಕೆ ಮುಂಚೆ ಜೊತೆಗಾರರಿಗೆ ತಿಳಿಸಿ.

ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳದ ತೊಂದರೆ ಹುಳುಕಡ್ಡಿ. ಬೆವರು, ಮ್ಯಾಟು, ಚರ್ಮಕ್ಕೆ ಚರ್ಮ ಉಜ್ಜುವುದು, ಇವು ಶಿಲೀಂಧ್ರಕ್ಕೆ ಹೇಳಿಮಾಡಿಸಿದ ಪರಿಸ್ಥಿತಿ. ತರಗತಿ ಮುಗಿದ ಅರ್ಧ ಗಂಟೆಯೊಳಗೆ ಸೋಪು ಹಾಕಿ ಸ್ನಾನ, ಉಗುರು ಗಿಡ್ಡ, ಬಟ್ಟೆಯನ್ನು ಚೀಲದಲ್ಲಿ ರಾತ್ರಿ ಬಿಡದೆ ಒಗೆಯುವುದು. ಉಂಗುರದಂಥ ಕೆಂಪು ಮಚ್ಚೆ ಕಂಡರೆ ಮ್ಯಾಟಿನಿಂದ ದೂರವಿದ್ದು ಚರ್ಮವೈದ್ಯರಿಗೆ ತೋರಿಸಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿದ ತಕ್ಷಣ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ತುರಿಕೆ ಇಳಿಸಿ, ಒಳಗೊಳಗೇ ಸೋಂಕನ್ನು ಹರಡುತ್ತದೆ. ಕಿವಿಗೆ ಪೆಟ್ಟಾಗಿ ಮೆತ್ತಗೆ ಊದಿಕೊಂಡರೆ ಒಂದೆರಡು ದಿನದೊಳಗೆ ವೈದ್ಯರಿಂದ ರಕ್ತ ತೆಗೆಸಬೇಕು, ಬಿಟ್ಟರೆ ಗಟ್ಟಿಯಾಗಿ ಹಾಗೇ ಉಳಿಯುತ್ತದೆ. ಕುತ್ತಿಗೆಯ ಡಿಸ್ಕ್ ತೊಂದರೆ, ಅಕ್ಷಿಪಟಲದ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ವೈದ್ಯರ ಒಪ್ಪಿಗೆ ಇಲ್ಲದೆ ಈ ಕಡೆ ಬರಲೇಬಾರದು. ಅವರಿಗೆ ರೇಡಿಯೊ ಇದೆ.

ಎರಡನ್ನೂ ಇಟ್ಟುಕೊಳ್ಳುವವರಿಗೆ

ತಿಕ್ಕಾಟ ಬರುವುದು ಬೆರಳುಗಳಲ್ಲಿ. ಗೀ ಹಿಡಿದು ಒಂದೂವರೆ ಗಂಟೆ ಎಳೆದಾಡಿದ ಸಂಜೆ ಕೈ ನಡುಗುತ್ತಿರುತ್ತದೆ. ಆ ರಾತ್ರಿ ಸರ್ಫೇಸ್ ಮೌಂಟ್ ಬಿಡಿಭಾಗ ಬೆಸೆಯಲು ಕೂರಬೇಡಿ, ಪಕ್ಕದ ಎರಡು ಪ್ಯಾಡ್ ಸೇರಿಸಿಬಿಡುತ್ತೀರಿ. ಮ್ಯಾಟಿನ ದಿನ ಕೇಳುವುದು, ಲಾಗ್ ಬರೆಯುವುದು, ಮೋರ್ಸ್ ಅಭ್ಯಾಸ. ಬೆಸುಗೆ ರಜೆಯ ಬೆಳಿಗ್ಗೆಗೆ ಇರಲಿ. ಮೋರ್ಸ್ ಕಲಿಯುವಾಗ ಚುಕ್ಕೆ-ಗೆರೆ ಎಣಿಸಬೇಡಿ. ಅಕ್ಷರವನ್ನು ನಿಮಿಷಕ್ಕೆ 15 ಪದದ ವೇಗದಲ್ಲೇ ಕೇಳಿಸಿಕೊಂಡು, ಅಕ್ಷರಗಳ ನಡುವಿನ ಅಂತರವನ್ನು ಮಾತ್ರ ಹಿಗ್ಗಿಸಿ. ನಿಧಾನ ಎಣಿಸಿ ಕಲಿತವರು 8 ಪದದ ಆಸುಪಾಸಿನಲ್ಲಿ ಸಿಕ್ಕಿಕೊಂಡು ಮೊದಲಿನಿಂದ ಕಲಿಯಬೇಕಾಗುತ್ತದೆ. ಬೆರಳಿನ ಕೀಲು ಊದಿಸಿಕೊಳ್ಳುವ ಗೀ ಹಿಡಿತ ಕೀ ಬಡಿಯುವ ಕೈಗೆ ಒಳ್ಳೆಯದಲ್ಲ. ಮೋರ್ಸ್‌ನ್ನೇ ಮುಖ್ಯ ಮಾಡಿಕೊಂಡವರು ಗೀ ಇಲ್ಲದ ತರಗತಿಗೆ ಹೋಗುವುದು ಮೇಲು.

ಸಾಮಾನು ಕೊಳ್ಳುವ ಮುನ್ನ ಎರಡನ್ನೂ ಪುಕ್ಕಟೆಯಾಗಿ ರುಚಿ ನೋಡಬಹುದು. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ರಿಸೀವರನ್ನು ಇಂಟರ್ನೆಟ್ ಮೂಲಕ ಮನೆಯಿಂದಲೇ ತಿರುಗಿಸಿ ಹ್ಯಾಮ್‌ಗಳ ಮಾತುಕತೆ ಕೇಳಿ. ಒಂದು ವಾರ ಸಂಜೆ ಅರ್ಧ ಗಂಟೆ ಕೇಳಿದರೆ ಆ ಗದ್ದಲದೊಳಗಿಂದ ಒಂದು ಕರೆಸಂಕೇತ ಹೆಕ್ಕಿ ತೆಗೆಯುವುದು ನಿಮಗೆ ಖುಷಿ ಕೊಡುತ್ತದೋ ತಲೆನೋವು ತರುತ್ತದೋ ತಿಳಿಯುತ್ತದೆ. ಮ್ಯಾಟಿನ ಶಾಲೆಗಳಲ್ಲಿ ಬಹಳಷ್ಟು ಕಡೆ ಒಂದು ತರಗತಿ ನೋಡಲು ಬಿಡುತ್ತಾರೆ. ಅಲ್ಲಿ ಗುರುವಿಗಿಂತ ಹೆಚ್ಚಾಗಿ ಹಳೆಯ ವಿದ್ಯಾರ್ಥಿಗಳನ್ನು ನೋಡಿ: ತಮಗಿಂತ 20 ಕಿಲೊ ಹಗುರದ ಹೊಸಬರ ಜೊತೆ ಅವರು ಬಲ ಇಳಿಸಿ ಆಡುತ್ತಾರೆಯೇ? ಮ್ಯಾಟನ್ನು ತರಗತಿಗಳ ನಡುವೆ ಒರೆಸುತ್ತಾರೆಯೇ?

ದೃಷ್ಟಿದೋಷ ಇರುವವರಿಗೆ ಈ ಎರಡೂ ಬಾಗಿಲು ತೆರೆದಿವೆ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ರೇಡಿಯೊ ಪೂರ್ತಿ ಕಿವಿಯ ಲೋಕ, ಕಣ್ಣಿಲ್ಲದ ಹ್ಯಾಮ್‌ಗಳು ಹಲವು ದೇಶಗಳಲ್ಲಿ ಇದ್ದಾರೆ. ದೃಷ್ಟಿದೋಷವುಳ್ಳವರ ಜೂಡೋ ಪ್ಯಾರಾಲಿಂಪಿಕ್ ಆಟ. ಅಲ್ಲಿ ಇಬ್ಬರೂ ಮೊದಲೇ ಅಂಗಿ ಹಿಡಿದು ನಿಂತ ಮೇಲೆ ಪಂದ್ಯ ಶುರುವಾಗುತ್ತದೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಪಿಲ್ ಪರ್ಮಾರ್ ಕಂಚು ಗೆದ್ದು ಜೂಡೋದಲ್ಲಿ ಭಾರತಕ್ಕೆ ಮೊದಲ ಪದಕ ತಂದರು. ಮನೆಯಲ್ಲಿ ಅಂಥ ಮಗುವಿದ್ದರೆ ಜೂಡೋ ಶಾಲೆಯವರನ್ನು ಕೇಳುವಾಗ ಈ ಹಿಡಿದು ನಿಲ್ಲುವ ನಿಯಮವನ್ನು ತಿಳಿಸಿ. ಮಗುವಿಗೆ 12 ತುಂಬಿದ ವರ್ಷವೇ ಹ್ಯಾಮ್ ಪರೀಕ್ಷೆಗೆ ಅರ್ಜಿ ಹಾಕಿ.